ಅಪ್ಪರ್, ಡಿಪ್ಪರ್ ಮತ್ತು ಕಾರಟಗಿ ರಸ್ತೆಯ ಕತ್ತಲು

ಹೋದ ಸುಗ್ಗಿಯಲ್ಲಿ ಗಂಗಾವತಿಯ ಒಂದು ಗ್ಯಾರೇಜಿನ ಮುಂದೆ ನಿಂತಿದ್ದೆ. ಹೊತ್ತು ಮುಳುಗುತ್ತಿತ್ತು. ಕಾರಟಗಿ ಮೇಲೆ ಹಾದು ಸಿಂಧನೂರಿಗೆ ಹೋಗಬೇಕಿತ್ತು. ಕಾರಿನ ಬಲಗಡೆ ಹೆಡ್‌ಲೈಟ್ ಕೈಕೊಟ್ಟಿತ್ತು. ಮೆಕ್ಯಾನಿಕ್ ಹುಡುಗ ಬಾನೆಟ್ ಎತ್ತಿ, ಲೈಟಿನ ಹಿಂದಿನ ರಬ್ಬರ್ ಟೋಪಿ ಕಿತ್ತು, ಕ್ಲಿಪ್ ಸರಿಸಿ ಬಲ್ಬ್ ಹೊರಗೆ ತೆಗೆದ. ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಆಮೇಲೆ ಎರಡೇ ಮಾತು.

“ಅಪ್ಪರ್ ಸುಟ್ಟೇತ್ರಿ. ಡಿಪ್ಪರ್ ಐತಿ.”

ಜೊತೆಗೆ ಅಕ್ಕನ ಮಗ ಇದ್ದ. ಲೈಸೆನ್ಸ್ ಬಂದು ಎರಡು ತಿಂಗಳು. ಅವನಿಗೆ ಗೊಂದಲ ಆಯಿತು. “ಮಾಮಾ, ಡಿಪ್ಪರ್ ಅಂದ್ರ ಎದುರಿನವ್ರಿಗೆ ಲೈಟ್ ಹೊಡಿಯೋದಲ್ಲೇನು? ಅದು ಬಲ್ಬಿನಾಗ ಹೆಂಗ ಇರ್ತೈತಿ?”

ಕೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಕಡೆ ಡಿಪ್ಪರ್ ಅನ್ನುವ ಒಂದೇ ಪದದ ಹತ್ತಿರ ಮೂರು ಕೆಲಸ ಮಾಡಿಸುತ್ತೇವೆ. ಗ್ಯಾರೇಜಿನಲ್ಲಿ ಡಿಪ್ಪರ್ ಅಂದರೆ ರಸ್ತೆಗೆ ಹತ್ತಿರದಲ್ಲಿ ಬೀಳುವ ತಗ್ಗು ಬೆಳಕು. ಡ್ರೈವಿಂಗ್ ಕಲಿಸುವವರ ಬಾಯಲ್ಲಿ ಅದು ಸ್ಟೇರಿಂಗ್ ಪಕ್ಕದ ಕಡ್ಡಿಯ ಹೆಸರು. ರಸ್ತೆಗೆ ಇಳಿದರೆ ‘ಡಿಪ್ಪರ್ ಹೊಡಿ’ ಅಂದರೆ ಪಕ್ ಪಕ್ ಅಂತ ಬೆಳಕು ಚಿಮ್ಮಿಸು ಅಂತ. ಮೊದಲನೆಯದು ಬೆಳಕು ಇಳಿಸುವ ಮಾತು, ಕೊನೆಯದು ಏರಿಸುವ ಮಾತು. ಒಂದಕ್ಕೊಂದು ಪೂರಾ ಉಲ್ಟಾ! ಹೊಸಬರು ತಡಬಡಾಯಿಸದೆ ಇನ್ನೇನು ಮಾಡುತ್ತಾರೆ?

ಮೂಲದಲ್ಲಿ ಡಿಪ್ ಅಂದರೆ ತಗ್ಗಿಸು. ಡಿಪ್ಪರ್ ಅಂದರೆ ತಗ್ಗಿಸುವಂಥದ್ದು. ಅದಕ್ಕೆ ಜೋಡಿಯಾಗಿ, ದೂರಕ್ಕೆ ಬೀಳುವ ಬೆಳಕಿಗೆ ನಮ್ಮ ಗ್ಯಾರೇಜುಗಳಲ್ಲಿ ಅಪ್ಪರ್ ಅಂತ ಹೆಸರು ಸೇರಿಕೊಂಡಿತು. ಪ್ರಾಸ ಕೂಡಿತು, ಹಾಗೇ ಉಳಿಯಿತು. ಬೈಕಿನ ಅಂಗಡಿಗೆ ಹೋಗಿ ‘ಅಪ್ಪರ್ ಡಿಪ್ಪರ್ ಸ್ವಿಚ್ ಕೊಡ್ರಿ’ ಅಂದರೆ ಬಳ್ಳಾರಿಯಲ್ಲೂ ಸಿಗುತ್ತದೆ, ರಾಯಚೂರಲ್ಲೂ ಸಿಗುತ್ತದೆ. ಇದರ ಜೊತೆ ‘ಡಿಮ್’ ಅಂತ ಇನ್ನೊಂದು ಮಾತಿದೆ. ‘ಡಿಮ್ ಮಾಡಪ, ಕಣ್ಣಿಗೆ ಹೊಡಿತೈತಿ’ ಅನ್ನುತ್ತೇವೆ. ಈ ಡಿಮ್ ಅನ್ನುವ ಮಾತೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಯಾಕೆ ಅಂತ ಆ ಸುಟ್ಟ ಬಲ್ಬನ್ನೇ ನೋಡಿದರೆ ಗೊತ್ತಾಗುತ್ತದೆ.

ಹುಡುಗ ಬಲ್ಬನ್ನು ನಮ್ಮ ಕೈಗೆ ಕೊಟ್ಟ. ಹೆಬ್ಬೆರಳಿನಷ್ಟು ಗಾಜಿನ ಕೊಳವೆ, ತುದಿಗೆ ಕಪ್ಪು ಬಣ್ಣ, ಹಿಂದೆ ಮೂರು ತಗಡಿನ ಕಾಲು. ಎಚ್4 ಅನ್ನುವ ಜಾತಿ ಇದು. ಒಳಗೆ ಒಂದಲ್ಲ, ಎರಡು ತಂತಿ ಸುರುಳಿ. ಒಂದು 60 ವ್ಯಾಟ್, ಇನ್ನೊಂದು 55 ವ್ಯಾಟ್. 60ರದ್ದು ಅಪ್ಪರ್. ಅದರ ಸುರುಳಿ ನಡುವೆ ತುಂಡಾಗಿ ಜೋತು ಬಿದ್ದಿತ್ತು. 55ರದ್ದು ಡಿಪ್ಪರ್, ಅದು ಗಟ್ಟಿಯಾಗಿತ್ತು. ಆ ಡಿಪ್ಪರ್ ಸುರುಳಿಯ ಕೆಳಗೆ ಒಂದು ಪುಟ್ಟ ತಗಡಿನ ದೊನ್ನೆ ಇರುತ್ತದೆ. ಸಣ್ಣ ಚಮಚದ ಹಾಗೆ. ಎಲ್ಲ ಚಮತ್ಕಾರ ಇರುವುದು ಆ ದೊನ್ನೆಯಲ್ಲೇ.

ಹೆಡ್‌ಲೈಟಿನ ಹಿಂದೆ ಬೋಗುಣಿಯಂಥ ಹೊಳೆಯುವ ಕನ್ನಡಿ ಇದೆಯಲ್ಲ, ಅದರ ಕೆಳ ಅರ್ಧಕ್ಕೆ ಬೆಳಕು ಬೀಳದ ಹಾಗೆ ಈ ದೊನ್ನೆ ತಡೆಯುತ್ತದೆ. ಆಗ ಬೆಳಕು ಮೇಲಿನ ಅರ್ಧಕ್ಕೆ ಮಾತ್ರ ತಾಗಿ ಕೆಳಮುಖವಾಗಿ ಚಿಮ್ಮುತ್ತದೆ. ಅಪ್ಪರ್ ಸುರುಳಿಗೆ ಅಂಥ ತಡೆ ಇಲ್ಲ. ಇಡೀ ಕನ್ನಡಿ ಅದರದ್ದೇ, ಬೆಳಕು ನೇರ ಮುಂದಕ್ಕೆ ಹೋಗುತ್ತದೆ. ಅಂದರೆ 60ಕ್ಕೂ 55ಕ್ಕೂ ಇರುವ ವ್ಯತ್ಯಾಸ ಐದೇ ವ್ಯಾಟ್. ಡಿಮ್ ಮಾಡಿದಾಗ ಬಲ್ಬಿನ ಉರಿ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಬೆಳಕು ತಲೆ ತಗ್ಗಿಸುತ್ತದೆ, ಅಷ್ಟೇ. ಹಳೆಯ ‘ಡಿಪ್’ ಪದವೇ ಸರಿ, ಅಲ್ವಾ? ಈಗಿನ ಎಲ್‌ಇಡಿ ದೀಪದ ಗಾಡಿಗಳಲ್ಲಿ ಒಳಗಿನ ರಚನೆ ಬೇರೆ. ಆದರೆ ಕೆಲಸ ಇದೇ: ಬೆಳಕಿಗೆ ಒಂದು ಮೇಲ್ಗೆರೆ ಹಾಕಿ, ಅದರ ಮೇಲೆ ಹೋಗದಂತೆ ನೋಡಿಕೊಳ್ಳುವುದು.

ಡ್ಯಾಶ್‌ಬೋರ್ಡಿನಲ್ಲಿ ನೀಲಿ ಬಣ್ಣದ ಪುಟ್ಟ ಚಿತ್ರ ಹೊತ್ತಿಕೊಂಡರೆ ನೀವು ಅಪ್ಪರ್‌ನಲ್ಲಿದ್ದೀರಿ ಅಂತ. ಎಷ್ಟೋ ಜನ ವರ್ಷಗಟ್ಟಲೆ ಆ ನೀಲಿಯನ್ನು ಗಮನಿಸಿಯೇ ಇರುವುದಿಲ್ಲ. ನನ್ನ ಗೆಳೆಯನೊಬ್ಬ ಅದನ್ನು ಏಸಿಯ ಗುರುತು ಅಂದುಕೊಂಡಿದ್ದ!

ಈಗ ರಸ್ತೆಗೆ ಬರೋಣ. ನಮ್ಮ ಸೀಮೆಯ ರಸ್ತೆಗಳಿಗೆ ತಮ್ಮದೇ ಗುಣ ಇದೆ. ಹೊಸಪೇಟೆಯಿಂದ ಕುಷ್ಟಗಿ ಮೇಲೆ ವಿಜಯಪುರಕ್ಕೆ ಹೋಗುವ 50ನೇ ನಂಬರಿನ ಹೈವೇಯಂಥ ನಾಲ್ಕು ಪಥದ ರಸ್ತೆಯಾದರೆ ಅರ್ಧ ಚಿಂತೆ ಇಲ್ಲ. ಎದುರಿನ ಗಾಡಿ ಡಿವೈಡರ್ ಆಚೆ ಇರುತ್ತದೆ. ಡಿವೈಡರ್ ಮೇಲೆ ಕಣಗಿಲೆಯಂಥ ಗಿಡ ಬೆಳೆಸುವುದು ಚೆಂದಕ್ಕಷ್ಟೇ ಅಲ್ಲ, ಎದುರಿನ ಬೆಳಕು ಕಣ್ಣಿಗೆ ಹೊಡೆಯಬಾರದು ಅಂತಲೂ ಹೌದು. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಅಂತ ಗದ್ದೆ ಸೀಮೆಯೊಳಗೆ ಹೊಕ್ಕರೆ ಲೆಕ್ಕ ಬೇರೆ. ಸುಗ್ಗಿಯಲ್ಲಿ ನೆಲ್ಲು ಹೇರಿದ ಟ್ರ್ಯಾಕ್ಟರ್ ಟ್ರೇಲರ್‌ಗಳು ಓಡಾಡುತ್ತವೆ. ಎಷ್ಟೋ ಟ್ರೇಲರ್‌ಗಳ ಹಿಂದೆ ಕೆಂಪು ದೀಪ ಇರುವುದಿಲ್ಲ. ರಸ್ತೆಯ ಅರ್ಧದಲ್ಲಿ ಭತ್ತ ಒಣಗಲು ಹಾಕಿ ಸುತ್ತ ಕಲ್ಲು ಇಟ್ಟಿರುತ್ತಾರೆ. ಕೊಯ್ಲು ಯಂತ್ರ ರಾತ್ರಿಯೆಲ್ಲ ಹೊಲದಿಂದ ಹೊಲಕ್ಕೆ ಹೋಗುತ್ತಿರುತ್ತದೆ. ಕುರಿ ಹಿಂಡಿನ ಮುಂದೆ ಕರಿ ಕಂಬಳಿ ಹೊದ್ದ ಕುರುಬ ನಡೆಯುತ್ತಿರುತ್ತಾನೆ. ಕರಿ ಕಂಬಳಿಯಷ್ಟು ಬೆಳಕು ನುಂಗುವ ವಸ್ತು ಇನ್ನೊಂದಿಲ್ಲ.

ಇಂಥ ರಸ್ತೆಯಲ್ಲಿ ಅಪ್ಪರ್ ಬೇಕೇ ಬೇಕು. ಡಿಪ್ಪರ್ ಬೆಳಕಿನಲ್ಲಿ ಚೆನ್ನಾಗಿ ಕಾಣುವುದು ಸುಮಾರು 40ರಿಂದ 60 ಮೀಟರ್. ಅಪ್ಪರ್‌ನಲ್ಲಿ 100 ಮೀಟರ್ ದಾಟಿ ಕಾಣುತ್ತದೆ. ಗಾಡಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಏನೋ ಕಂಡಿತು, ಕಾಲು ಬ್ರೇಕಿಗೆ ಹೋಯಿತು ಅನ್ನುವುದರೊಳಗೆ ಒಂದೂವರೆ ಸೆಕೆಂಡ್, ಅಂದರೆ 33 ಮೀಟರ್ ಮುಗಿದಿರುತ್ತದೆ. ಬ್ರೇಕ್ ಹಿಡಿದ ಮೇಲೆ ಒಣ ಡಾಂಬರಿನಲ್ಲೂ ಇನ್ನೊಂದು 35-40 ಮೀಟರ್ ಬೇಕು. ಒಟ್ಟು 70. ಡಿಪ್ಪರ್‌ನಲ್ಲಿ ಕಾಣುವುದು ಮಾತ್ರ 60. ಉಳಿದ 10 ಮೀಟರಿನಲ್ಲಿ ಟ್ರೇಲರ್ ಇದ್ದರೆ?

ಆದ್ದರಿಂದ ಡಿಪ್ ಮಾಡುವುದು ಅಂದರೆ ಬರೀ ಬೆರಳಿನ ಕೆಲಸ ಅಲ್ಲ, ಕಾಲಿನ ಕೆಲಸವೂ ಹೌದು. ಬೆಳಕು ಇಳಿಸಿದಾಗ ಆಕ್ಸಿಲರೇಟರ್ ಮೇಲಿನ ಕಾಲೂ ಸ್ವಲ್ಪ ಏಳಬೇಕು. 60ರಲ್ಲಿ ಹೋಗುತ್ತಿದ್ದರೆ 45-50 ಮೀಟರಿನಲ್ಲಿ ಗಾಡಿ ನಿಲ್ಲುತ್ತದೆ, ಬೆಳಕೂ ಹೆಚ್ಚುಕಡಿಮೆ ಅಷ್ಟೇ ದೂರ ಇರುತ್ತದೆ. ನಾನು ಡ್ರೈವಿಂಗ್ ಕಲಿತಾಗ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಎದುರು ಗಾಡಿ ಬಂದರೆ ಡಿಮ್ ಮಾಡು ಅಂದರು, ಮುಗೀತು.

ಎದುರಿನವನು ಡಿಪ್ ಮಾಡದಿದ್ದರೆ? ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲವು ವರ್ಷದ ಹಿಂದೆ ಸಿರುಗುಪ್ಪ ಕಡೆಯಿಂದ ಬರುತ್ತಿದ್ದೆ. ಎದುರಿಗೊಂದು ಗಾಡಿ, ಪೂರಾ ಅಪ್ಪರ್. ನಾನು ಇಳಿಸಿದೆ. ಅವನು ಇಳಿಸಲಿಲ್ಲ. ಎರಡು ಸಲ ಹೊಡೆದು ಹೇಳಿದೆ. ಊಹೂಂ. ಸಿಟ್ಟು ಬಂತು. ನೀನೇನು ದೊಡ್ಡವನು ಅಂತ ನಾನೂ ಅಪ್ಪರ್ ಏರಿಸಿ ಹಾಗೇ ಬಿಟ್ಟೆ. ಎರಡೂ ಬೆಳಕಿನ ನಡುವೆ, ನನ್ನ ಎಡಕ್ಕೆ, ಸೈಕಲ್ ತಳ್ಳಿಕೊಂಡು ಹೊರಟ ಒಬ್ಬ ಅಜ್ಜ ಇದ್ದ. ಅವನು ನನಗೆ ಕಂಡಿದ್ದು ಕಾರಿನ ಕನ್ನಡಿ ಅವನ ಮೊಣಕೈ ಪಕ್ಕ ಹಾದು ಹೋದ ಮೇಲೆ. ಮುಂದೆ ಹೋಗಿ ಗಾಡಿ ನಿಲ್ಲಿಸಿದೆ. ಕೈ ನಡುಗುತ್ತಿತ್ತು. ಹಿಂತಿರುಗಿ ನೋಡಿದರೆ ಅಜ್ಜ ಏನೂ ಆಗದವನಂತೆ ಸೈಕಲ್ ತಳ್ಳುತ್ತಲೇ ಇದ್ದ.

ಆಮೇಲೆ ಯೋಚಿಸಿದರೆ ಆ ಸಿಟ್ಟಿನ ಮೂರ್ಖತನ ಎಷ್ಟು ಸರಳ ಅನ್ನಿಸಿತು. ನಾನು ಕುರುಡು ಮಾಡಿದ್ದು ಯಾರನ್ನು? 80ರ ವೇಗದಲ್ಲಿ ನನ್ನ ಕಡೆಗೇ ನುಗ್ಗುತ್ತಿದ್ದವನನ್ನು. ಇಬ್ಬರೂ 80ರಲ್ಲಿದ್ದರೆ ನಡುವಿನ ದೂರ ಸೆಕೆಂಡಿಗೆ 44 ಮೀಟರ್ ಕರಗುತ್ತದೆ. 300 ಮೀಟರ್ ಆಚೆ ಇದ್ದವನು ಏಳು ಸೆಕೆಂಡಿನೊಳಗೆ ನನ್ನ ಬಾಗಿಲ ಪಕ್ಕ. ಅವನಿಗೆ ರಸ್ತೆ ಕಾಣಬೇಕಾದ್ದು ಅವನಿಗಿಂತ ಜಾಸ್ತಿ ನನಗೇ ಬೇಕಾಗಿತ್ತು! ಡಿಪ್ಪರ್ ಅಂದರೆ ಎದುರಿನವರಿಗೆ ತೋರಿಸುವ ಮರ್ಯಾದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಈಗ ಅದು ನನ್ನ ಜೀವ ಉಳಿಸಿಕೊಳ್ಳುವ ಸ್ವಾರ್ಥ ಅನ್ನಿಸುತ್ತದೆ. ಹಾಗೆ ತಿಳಿದುಕೊಂಡರೇ ಬೆರಳು ಬೇಗ ಓಡುತ್ತದೆ.

ಕಣ್ಣಿನ ಲೆಕ್ಕವೂ ಇಲ್ಲಿ ಬರುತ್ತದೆ. ಬೆಳಕು ಬಿದ್ದ ತಕ್ಷಣ ಕಣ್ಣಿನ ಪಾಪೆ ಚಕ್ಕನೆ ಕಿರಿದಾಗುತ್ತದೆ. ಬೆಳಕು ಹೋದ ಮೇಲೆ ಮತ್ತೆ ಅಗಲವಾಗಲು ಮಾತ್ರ ನಿಧಾನ. ಒಳಪರದೆಯೂ ಕತ್ತಲೆಗೆ ಹೊಂದಿಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತದೆ. ವಯಸ್ಸಾದಷ್ಟೂ ಇದು ಇನ್ನೂ ನಿಧಾನ. ಐದು ಸೆಕೆಂಡ್ ಅಂತ ಹಿಡಿದರೂ 80ರಲ್ಲಿ 110 ಮೀಟರ್, ಎರಡು ಮೂರು ಕರೆಂಟ್ ಕಂಬ ದಾಟಿರುತ್ತೀರಿ, ಏನೂ ಕಾಣದೆ. ಹಾಗಾಗಿ ನಿಜವಾದ ಅಪಾಯ ಗಾಡಿ ಎದುರು ಬರುವಾಗ ಮಾತ್ರ ಇರುವುದಲ್ಲ, ಅದು ದಾಟಿಹೋದ ಮರುಗಳಿಗೆಯಲ್ಲೂ ಇರುತ್ತದೆ. ಲಾರಿ ಹಿಂದೆ ಕತ್ತಲಲ್ಲಿ ಯಾರಿದ್ದಾರೋ!

ಇದಕ್ಕೆ ಹಳೆ ಡ್ರೈವರುಗಳ ಉಪಾಯ ಒಂದಿದೆ. ಬರುವ ಬೆಳಕನ್ನು ದಿಟ್ಟಿಸಬೇಡ, ನಿನ್ನ ಎಡಗಡೆಯ ಬಿಳಿ ಗೆರೆ ನೋಡಿಕೊಂಡು ಹೋಗು, ವೇಗ ಇಳಿಸು. ಗೆರೆ ಇಲ್ಲದ ರಸ್ತೆಯಲ್ಲಿ ಡಾಂಬರಿನ ಅಂಚು ನೋಡು. ಆದರೆ ಹೆದರಿಕೊಂಡು ಅಂಚಿನಿಂದ ಕೆಳಗೆ ಇಳಿಸಬೇಡ. ನಮ್ಮದು ಎರೆ ಭೂಮಿ. ಮಳೆ ಬಿದ್ದಿದ್ದರೆ ಎಡಗಡೆ ಚಕ್ರ ಇಳಿದದ್ದೇ ತಡ, ಬೆಣ್ಣೆಯೊಳಗೆ ಇಳಿದ ಹಾಗೆ. ಗಾಡಿ ಕಾಲುವೆ ಕಡೆ ಎಳೆದುಕೊಂಡು ಹೋಗುತ್ತದೆ.

ಮುಂದೆ ಹೋಗುತ್ತಿರುವ ಗಾಡಿಯ ಹಿಂದೆ ಇದ್ದಾಗಲೂ ಡಿಪ್ಪರ್‌ನಲ್ಲೇ ಇರಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ನಿಮ್ಮ ಅಪ್ಪರ್ ಅವನ ಮೂರೂ ಕನ್ನಡಿಗಳಲ್ಲಿ ಕೂತು ಅವನ ಕಣ್ಣಿಗೆ ಹೊಡೆಯುತ್ತದೆ. ಲಾರಿಗಳ ಹಿಂದೆ ‘ಯೂಸ್ ಡಿಪ್ಪರ್ ಅಟ್ ನೈಟ್’ ಅಂತ ಬರೆಸುವುದರ ಒಂದು ಅರ್ಥ ಇದೇ. ಇನ್ನೊಂದು ಅರ್ಥವೂ ಇದೆ: ರಾತ್ರಿ ಸೈಡ್ ಬೇಕಾದರೆ ಹಾರ್ನ್ ಬಾರಿಸಿ ಊರು ಎಬ್ಬಿಸಬೇಡ, ಲೈಟ್ ಹೊಡೆದು ಕೇಳು. ಒಂದೇ ಸಾಲು, ಇಳಿಸು ಅಂತಲೂ ಹೇಳುತ್ತದೆ, ಏರಿಸಿ ಇಳಿಸು ಅಂತಲೂ ಹೇಳುತ್ತದೆ. ಎರಡೂ ಸರಿಯೇ. ಈ ಸಾಲು ಎಷ್ಟು ಬಾಯಿಪಾಠ ಆಗಿದೆ ಅಂದರೆ, 2016ರಲ್ಲಿ ಟಾಟಾ ಮೋಟಾರ್ಸ್‌ನವರು ಲಾರಿ ಚಾಲಕರಲ್ಲಿ ಏಡ್ಸ್ ಬಗ್ಗೆ ಅರಿವು ಮೂಡಿಸಲು ಕಾಂಡೋಮ್ ತಂದಾಗ ಅದಕ್ಕೆ ಡಿಪ್ಪರ್ ಅಂತಲೇ ಹೆಸರಿಟ್ಟರು. ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಇನ್ನು ಪಕ್ ಪಕ್ ಭಾಷೆ. ಕಡ್ಡಿಯನ್ನು ನಿಮ್ಮ ಕಡೆ ಎಳೆದು ಬಿಟ್ಟರೆ ಅಪ್ಪರ್ ಒಮ್ಮೆ ಮಿಂಚಿ ಆರುತ್ತದೆ. ಬೈಕಿನಲ್ಲಾದರೆ ಎಡಗೈ ತೋರುಬೆರಳಿಗೆ ಸಿಗುವ ಪಾಸ್ ಸ್ವಿಚ್. ಈ ಒಂದು ಮಿಂಚಿಗೆ ಎಷ್ಟು ಅರ್ಥ ಅಂತೀರಿ! ಎದುರಿನವರು ರಾತ್ರಿ ಹೊಡೆದರೆ, ನಿನ್ನ ಲೈಟ್ ಇಳಿಸು ಅಂತ. ಹಿಂದಿನವರು ಹೊಡೆದರೆ, ಸೈಡ್ ಬಿಡು ಅಂತ. ಹಾಡುಹಗಲೇ ಎದುರಿನ ಗಾಡಿಗಳು ಒಂದರ ಹಿಂದೊಂದು ಹೊಡೆದರೆ, ಮುಂದೆ ಪೊಲೀಸರು ನಿಂತಿದ್ದಾರೆ, ಇಲ್ಲವೇ ಆಕ್ಸಿಡೆಂಟ್ ಆಗಿದೆ ಅಂತ. ಉದ್ದದ ಲಾರಿಯನ್ನು ನೀವು ದಾಟಿದ ಮೇಲೆ ಅದು ಒಂದು ಸಲ ಮಾತ್ರ ಮಿಂಚಿಸಿದರೆ, ನಿನ್ನ ಬಾಲ ನನ್ನ ಮೂತಿ ದಾಟಿತು, ಎಡಕ್ಕೆ ಬಾ ಅಂತ. ಈ ಕೊನೆಯದು ನನಗೆ ಬಹಳ ಇಷ್ಟ. ಮುಖ ನೋಡದವನು ಕತ್ತಲಲ್ಲಿ ಮಾಡುವ ಉಪಕಾರ ಅದು. ಅದಕ್ಕೆ ನಾನು ಇಂಡಿಕೇಟರ್ ಎರಡು ಸಲ ಮಿನುಗಿಸಿ ಥ್ಯಾಂಕ್ಸ್ ಹೇಳುತ್ತೇನೆ.

ಆದರೆ ಹುಷಾರಾಗಿರಬೇಕಾದ ಅರ್ಥ ಒಂದಿದೆ. ಕಾಲುವೆಯ ಸಣ್ಣ ಸೇತುವೆ ಅಂದುಕೊಳ್ಳಿ. ಆ ಕಡೆಯಿಂದ ಒಂದು ಗಾಡಿ, ಈ ಕಡೆಯಿಂದ ನೀವು. ಅವನು ಲೈಟ್ ಹೊಡೆದ. ನಮ್ಮಲ್ಲಿ ಇದರ ಅರ್ಥ ‘ನಾನು ಬರ್ತಿದೀನಿ, ನೀನು ನಿಲ್ಲು’ ಅಂತ. ಮೊದಲು ಹೊಡೆದವನದೇ ಸೇತುವೆ. ಇಂಗ್ಲೆಂಡಿನಲ್ಲಿ ಬಹಳ ಜನ ಇದನ್ನೇ ‘ನೀವು ಮೊದಲು ಬನ್ನಿ’ ಅನ್ನಲು ಬಳಸುತ್ತಾರೆ! ಅಲ್ಲಿನ ಹೈವೇ ಕೋಡ್ ಇವೆರಡನ್ನೂ ಒಪ್ಪುವುದಿಲ್ಲ. ‘ನಾನು ಇಲ್ಲಿದ್ದೇನೆ’ ಅಂತ ತಿಳಿಸಲು ಮಾತ್ರ ಲೈಟ್ ಮಿಂಚಿಸಿ, ಯಾರೋ ಮಿಂಚಿಸಿದರು ಅಂತ ನುಗ್ಗಬೇಡಿ ಅನ್ನುತ್ತದೆ. ಅಕ್ಕನ ಮಗನಿಗೂ ನಾನು ಅಷ್ಟೇ ಹೇಳಿದ್ದು. ಅವನು ಹೊಡೆದ ಅಂದರೆ ಅವನು ಅಲ್ಲಿದ್ದಾನೆ. ಅವನ ಮನಸ್ಸಿನಲ್ಲಿ ಏನಿದೆ ಅಂತ ಗಾಡಿಯ ವೇಗ ನೋಡಿ ತಿಳಿದುಕೋ, ಲೈಟ್ ನೋಡಿ ಅಲ್ಲ.

ಕೆಲವು ಸಲ ಎದುರಿನವನು ಡಿಪ್ಪರ್‌ನಲ್ಲೇ ಇರುತ್ತಾನೆ, ಆದರೂ ಕಣ್ಣಿಗೆ ಹೊಡೆಯುತ್ತದೆ. ನಾವು ಸುಮ್ನೆ ಬೈಯುತ್ತೇವೆ. ಕಾರಣ ಡಿಕ್ಕಿಯಲ್ಲಿರಬಹುದು. ನಾನೇ ಒಮ್ಮೆ ಪರೀಕ್ಷೆ ಮಾಡಿ ನೋಡಿದೆ. ಒಂದು ರೈಸ್ ಮಿಲ್ಲಿನ ಕಾಂಪೌಂಡ್ ಗೋಡೆಗೆ ಎಂಟು ಮೀಟರ್ ದೂರದಲ್ಲಿ, ಸಮ ನೆಲದ ಮೇಲೆ ಕಾರು ನಿಲ್ಲಿಸಿ ಡಿಪ್ಪರ್ ಹಾಕಿದೆ. ಗೋಡೆಯ ಮೇಲೆ ಬೆಳಕಿನ ಮೇಲಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಆಮೇಲೆ ಡಿಕ್ಕಿಗೆ ನಾಲ್ಕು ಅಕ್ಕಿ ಚೀಲ ಹಾಕಿಸಿದೆ. ಹಿಂದೆ ಕೂತಿತು, ಮೂತಿ ಎದ್ದಿತು, ಬೆಳಕು ಗೆರೆ ದಾಟಿ ಗೇಣುದ್ದ ಮೇಲೆ ಹೋಯಿತು. ಗೋಡೆಯ ಮೇಲೆ ಗೇಣು ಅಷ್ಟೇ. ದೂರ ಹೋದ ಹಾಗೆ ಅದು ಬೆಳೆಯುತ್ತಾ ಹೋಗುತ್ತದೆ. ಲೆಕ್ಕ ನೋಡಿ. ಹೆಡ್‌ಲೈಟ್ ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿದೆ, ಬೆಳಕಿನ ಮೇಲಂಚು ಮೀಟರಿಗೆ ಒಂದು ಸೆಂಟಿಮೀಟರ್ ಇಳಿಯುತ್ತದೆ ಅಂದರೆ, 70 ಮೀಟರಿನಲ್ಲಿ ಅದು ನೆಲ ಮುಟ್ಟುತ್ತದೆ. ಮೂತಿ ಒಂದೇ ಒಂದು ಡಿಗ್ರಿ ಎದ್ದರೂ ಅದೇ ಬೆಳಕು ಇಳಿಯುವ ಬದಲು ಏರತೊಡಗುತ್ತದೆ. 50 ಮೀಟರ್ ಆಚೆ ಒಂದು ಮೀಟರಿಗಿಂತ ಮೇಲೆ ಇರುತ್ತದೆ. ಅಲ್ಲಿ ಇರುವುದೇ ಎದುರಿನ ಕಾರಿನವನ ಕಣ್ಣು.

ಇದಕ್ಕೆಂದೇ ಬಹಳ ಕಾರುಗಳಲ್ಲಿ ಸ್ಟೇರಿಂಗ್ ಬಲಗಡೆ 0, 1, 2, 3 ಅಂತ ಒಂದು ಸಣ್ಣ ಚಕ್ರ ಇರುತ್ತದೆ. ಹಿಂದೆ ಭಾರ ಜಾಸ್ತಿ ಇದ್ದಷ್ಟೂ ದೊಡ್ಡ ನಂಬರಿಗೆ ತಿರುಗಿಸಬೇಕು, ಬೆಳಕು ಕೆಳಗೆ ಬರುತ್ತದೆ. ಹುಲಿಗಿ ಜಾತ್ರೆಗೆ ಮನೆಮಂದಿಯೆಲ್ಲ ತುಂಬಿಕೊಂಡು ಹೋಗುವಾಗ ಅದನ್ನು ಮುಟ್ಟುವವರು ಎಷ್ಟು ಜನ?

ಕಾಯಿದೆಯೂ ಹೆಚ್ಚುಕಡಿಮೆ ಇದೇ ಗೋಡೆಯ ಲೆಕ್ಕವನ್ನೇ ಹೇಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ, ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಇರುವ ಕಣ್ಣಿಗೆ ಬೆಳಕು ಕುಕ್ಕಬಾರದು. ಅಂಗಡಿಯಲ್ಲಿ ಸಿಗುವ ಅಗ್ಗದ ಎಲ್‌ಇಡಿ ಬಲ್ಬನ್ನು ಹಳೆ ಹೆಡ್‌ಲೈಟಿನೊಳಗೆ ತುರುಕಿದರೆ ಈ ನಿಯಮ ಅಲ್ಲೇ ಮುರಿಯುತ್ತದೆ. ಯಾಕೆಂದರೆ ಕನ್ನಡಿ ಮಾಡಿರುವುದು ಆ ಸುರುಳಿ, ಆ ದೊನ್ನೆಯ ಅಳತೆಗೆ. ಬೆಳಕು ಹುಟ್ಟುವ ಜಾಗ ಒಂದು ಕೂದಲೆಳೆ ಅತ್ತಿತ್ತ ಆದರೂ ಮೇಲ್ಗೆರೆ ಚದುರಿಹೋಗುತ್ತದೆ. ಅಂಥ ಗಾಡಿಗೆ ಡಿಪ್ಪರ್ ಇದ್ದೂ ಇಲ್ಲದ ಹಾಗೆ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಇಂಥ ಕಣ್ಣು ಕುಕ್ಕುವ ಲೈಟುಗಳ ಮೇಲೆ ಕೇಸು ಹಾಕಲು ಶುರು ಮಾಡಿದ್ದರು. ಸ್ವಲ್ಪ ದಿನ ರಸ್ತೆ ತಣ್ಣಗಿತ್ತು.

ಅಪ್ಪರ್ ಹಾಕಿದರೆ ಕಡಿಮೆ ಕಾಣುವ ಜಾಗಗಳೂ ಇವೆ. ಸಂಡೂರು ಕಡೆ ಅದಿರು ಲಾರಿಯ ಹಿಂದೆ ಕೆಂಪು ಧೂಳು ಎದ್ದಾಗ, ಸುಗ್ಗಿ ಮುಗಿದು ಗದ್ದೆಯಲ್ಲಿ ಹುಲ್ಲಿಗೆ ಬೆಂಕಿ ಇಟ್ಟ ಹೊಗೆ ರಸ್ತೆಗೆ ಬಂದಾಗ, ಜೋರು ಮಳೆಯಲ್ಲಿ. ಬೆಳಕು ಧೂಳಿಗೆ, ಹೊಗೆಗೆ, ಹನಿಗೆ ತಾಗಿ ನಿಮ್ಮ ಮುಖಕ್ಕೇ ವಾಪಸ್ ಬರುತ್ತದೆ. ಎದುರಿಗೆ ಬಿಳಿ ಬಟ್ಟೆ ಕಟ್ಟಿದ ಹಾಗೆ. ಅಲ್ಲಿ ಡಿಪ್ಪರೇ ಗತಿ.

ಆವತ್ತು ಹೊಸ ಬಲ್ಬ್ ಹಾಕಿಸಿಕೊಂಡು ಗಂಗಾವತಿ ಬಿಟ್ಟಾಗ ಏಳೂವರೆ ದಾಟಿತ್ತು. ಗಾಡಿ ಅಕ್ಕನ ಮಗನ ಕೈಯಲ್ಲಿ ಕೊಟ್ಟೆ. ಅವನು ಒಂದೊಂದು ಗಾಡಿಗೂ ಇಳಿಸುತ್ತಿದ್ದ, ಏರಿಸುತ್ತಿದ್ದ, ಕಾಲೂ ಎತ್ತುತ್ತಿದ್ದ. ಕಾರಟಗಿ ದಾಟಿದ ಮೇಲೆ ರಸ್ತೆ ಖಾಲಿ. ಅಪ್ಪರ್‌ನಲ್ಲಿ ಹೊರಟಿದ್ದೆವು. ದೂರದಲ್ಲಿ ಕತ್ತಲೆಯೊಳಗೆ ಒಂದು ಚೌಕ ನಿಧಾನಕ್ಕೆ ಮೂಡಿತು. ಚೀಲ ಹೇರಿದ ಟ್ರೇಲರ್. ಕೆಂಪು ದೀಪ ಎರಡೂ ಇಲ್ಲ, ಹೊಳೆಯುವ ಸ್ಟಿಕ್ಕರ್ ಕೂಡ ಇಲ್ಲ. ಹಿಂದಿನ ಹಲಗೆಯ ಮೇಲೆ ಮಾತ್ರ ಹಳದಿ ಬಣ್ಣದಲ್ಲಿ, ಸುತ್ತ ಬಳ್ಳಿ ಹೂವು ಬಿಡಿಸಿ, ಚೆಂದವಾಗಿ ಬರೆಸಿದ್ದರು: ‘ಯೂಸ್ ಡಿಪ್ಪರ್ ಅಟ್ ನೈಟ್’.

“ಮಾಮಾ, ಡಿಪ್ಪರ್‌ನಾಗ ಇದ್ದಿದ್ರ ಇದು ಓದಾಕ ಸಿಗ್ತಿದ್ದಿಲ್ಲ” ಅಂದ. ಆಮೇಲೆ ಲೈಟ್ ಇಳಿಸಿದ.